ಮೃತರ ಠೇವಣಿ: ಬ್ಯಾಂಕು ಏನು ಕೇಳಬಹುದು, ಏನು ಕೇಳಬಾರದು?

ನಮ್ಮ ಸಂವಾದ ಕಾರ್ಯಕ್ರಮಗಳಿಗೆ ಬರುವ ಪತ್ರಗಳನ್ನು ವಿಷಯವಾರು ವಿಂಗಡಿಸಿ ಕಟ್ಟುವುದು ನನ್ನ ಅಭ್ಯಾಸ. ಕೃಷಿಯದೊಂದು ಕಟ್ಟು, ಆರೋಗ್ಯದ್ದೊಂದು ಕಟ್ಟು. ಬ್ಯಾಂಕಿನ ಕಟ್ಟು ಮಾತ್ರ ಎಂದೂ ತೆಳ್ಳಗಾಗುವುದಿಲ್ಲ. ಸಹಿ ಹೊಂದುತ್ತಿಲ್ಲ ಎಂದರು, ಆ ಗುಮಾಸ್ತರು ರಜೆ ಎಂದರು, ಕಂಪ್ಯೂಟರ್ ಕೆಟ್ಟಿದೆ ಎಂದರು, ನಾಳೆ ಬನ್ನಿ ಎಂದರು. ಈ ದೂರುಗಳ ನಡುವೆ ಹೆಚ್ಚು ನೋವಿನವು ಯಜಮಾನರನ್ನು ಕಳೆದುಕೊಂಡ ಮನೆಗಳಿಂದ ಬರುತ್ತವೆ. ತೀರಿಕೊಂಡವರ ಹೆಸರಿನಲ್ಲಿರುವ ಹಣವನ್ನು ಪಡೆಯುವುದು ಹೇಗೆ ಎಂಬುದೇ ಅವುಗಳ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಸರದಿ ಒಮ್ಮೆ ನನ್ನದೂ ಆಗಿತ್ತು.

2018ರಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಊರಿನ ಬ್ಯಾಂಕೊಂದರಲ್ಲಿ ಅವರ ಹೆಸರಿನಲ್ಲಿ 2 ಲಕ್ಷ 80 ಸಾವಿರ ರೂಪಾಯಿಗಳ ನಿಶ್ಚಿತ ಠೇವಣಿ ಇತ್ತು. ನಾಮಿನಿಯ ಹೆಸರು ಬರೆಯುವ ಜಾಗ ಖಾಲಿ. ತಾಯಿಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಖರ್ಚು ನಾವು ಕೊಡುತ್ತೇವೆಂದರೆ ಅಮ್ಮ ಒಪ್ಪಲಿಲ್ಲ. "ಅವರು ನನಗೇ ಅಂತ ಇಟ್ಟ ದುಡ್ಡಿದೆಯಲ್ಲ, ಅದರಲ್ಲೇ ಆಗಲಿ" ಎಂದರು.

ಮೊದಲ ಸಲ ಹೋದಾಗ ಮರಣ ಪ್ರಮಾಣಪತ್ರ ಕೇಳಿದರು, ಕೊಟ್ಟೆವು. ಎರಡನೆಯ ಸಲ ವಂಶವೃಕ್ಷ ಕೇಳಿದರು. ನಾಡಕಚೇರಿಗೆ ಅಲೆದು ತಂದುಕೊಟ್ಟೆವು. ಮೂರನೆಯ ಸಲ ಹೋದಾಗ ಕೌಂಟರಿನಲ್ಲಿ ಹೊಸಬರಿದ್ದರು. ಅವರು ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಬೇಕೆಂದರು. ಅಮ್ಮ ಏನೋ ಹೇಳಹೊರಟಾಗ, "ನೀವೇ ಅವರ ಹೆಂಡತಿ ಅಂತ ನಮಗೆ ಹೇಗೆ ಗೊತ್ತಾಗಬೇಕಮ್ಮ?" ಎಂದರು. ನಲವತ್ತೊಂದು ವರ್ಷ ಸಂಸಾರ ಮಾಡಿದವರು ಆ ಮಾತಿಗೆ ಉತ್ತರ ಕೊಡದೆ ಹೊರಗೆ ಬಂದು ಬೆಂಚಿನ ಮೇಲೆ ಕುಳಿತರು. ಶಸ್ತ್ರಚಿಕಿತ್ಸೆ ಮೂರು ತಿಂಗಳು ಮುಂದೆ ಹೋಯಿತು.

ಎರಡು ಬಗೆಯ ತಪ್ಪುಗಳು

ಆ ದಿನ ಸಿಟ್ಟು ಬಂದಿತ್ತು, ನಿಜ. ಆದರೆ ವಿಜ್ಞಾನ ಓದಿದವನಿಗೆ ಸಿಟ್ಟು ಇಳಿದ ಮೇಲೆ ಕಾರಣ ಹುಡುಕುವ ಚಟ. ಯಾವುದೇ ಪರೀಕ್ಷೆಯಲ್ಲಿ ಎರಡು ಬಗೆಯ ತಪ್ಪು ಸಾಧ್ಯ. ಕಾಯಿಲೆ ಇಲ್ಲದವನಿಗೆ ಇದೆ ಎನ್ನುವುದು ಒಂದು, ಇರುವವನಿಗೆ ಇಲ್ಲ ಎನ್ನುವುದು ಇನ್ನೊಂದು. ಒಂದನ್ನು ಕಡಿಮೆ ಮಾಡಹೊರಟರೆ ಸಾಮಾನ್ಯವಾಗಿ ಇನ್ನೊಂದು ಹೆಚ್ಚುತ್ತದೆ.

ಬ್ಯಾಂಕಿನ ಕೌಂಟರಿನಲ್ಲೂ ಹೀಗೆಯೇ. ಹಣವನ್ನು ತಪ್ಪು ವ್ಯಕ್ತಿಗೆ ಕೊಡುವುದು ಒಂದು ತಪ್ಪು. ಸರಿಯಾದ ವ್ಯಕ್ತಿಗೆ ಕೊಡದೆ ಇರುವುದು ಇನ್ನೊಂದು. ಮೊದಲನೆಯದು ನಡೆದರೆ ಲೆಕ್ಕಪರಿಶೋಧನೆ, ವಿಚಾರಣೆ, ಕೆಲಸಕ್ಕೇ ಕುತ್ತು. ಎರಡನೆಯದು ನಡೆದರೆ ಅಧಿಕಾರಿಗೆ ಏನೂ ಆಗುವುದಿಲ್ಲ. ಆ ನಷ್ಟವೆಲ್ಲ ಬೆಂಚಿನ ಮೇಲೆ ಕುಳಿತವರದು. ಹೀಗಿರುವಾಗ ಒಳ್ಳೆಯ ಮನುಷ್ಯನೂ ಇನ್ನೊಂದು ಕಾಗದ ಕೇಳಿಬಿಡುವುದು ಸಹಜ. ಆದ್ದರಿಂದ ಪರಿಹಾರ ಇರುವುದು ನಿಯಮದಲ್ಲಿ: ಇಷ್ಟು ಕಾಗದ ಸಾಕು ಎಂದು ಹೇಳುವ ನಿಯಮ, ತಡಮಾಡಿದರೆ ಬ್ಯಾಂಕಿಗೂ ಬಿಸಿ ಮುಟ್ಟಿಸುವ ನಿಯಮ. ಅಂಥ ನಿಯಮಗಳು ಇವೆ. ಆದರೆ ಅವು ಕೌಂಟರಿನ ಈ ಬದಿಯಲ್ಲಿ ನಿಂತವರಿಗೆ ತಿಳಿದಿರುವುದಿಲ್ಲ.

ನಾಮಿನಿ ಎಂದರೆ ವಾರಸುದಾರರಲ್ಲ

ಬ್ಯಾಂಕ್ ಠೇವಣಿಗೆ ನಾಮಿನಿಯನ್ನು ಹೆಸರಿಸುವ ಸೌಲಭ್ಯ 1985ರಿಂದಲೂ ಇದೆ. ನಾಮಿನಿ ಇದ್ದರೆ ಬ್ಯಾಂಕು ಮರಣ ಪ್ರಮಾಣಪತ್ರವನ್ನೂ ನಾಮಿನಿಯ ಗುರುತಿನ ಚೀಟಿಯನ್ನೂ ನೋಡಿ, ಬ್ಯಾಂಕಿನ ಅರ್ಜಿ ಪಡೆದು ಹಣ ಕೊಡಬೇಕು. ಹಾಗೆ ಕೊಟ್ಟರೆ ಕಾನೂನಿನ ಪ್ರಕಾರ ಬ್ಯಾಂಕಿನ ಹೊಣೆ ತೀರಿತು. ಉತ್ತರಾಧಿಕಾರ ಪ್ರಮಾಣಪತ್ರ, ಜಾಮೀನು ಇವುಗಳನ್ನು ಕೇಳುವ ಅಗತ್ಯ ಬೀಳುವುದಿಲ್ಲ. "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಎಂಬ ಷರತ್ತಿನ ಜಂಟಿ ಖಾತೆಯಲ್ಲಿ ಉಳಿದವರಿಗೂ ಇದೇ ಅನುಕೂಲ.

ಆದರೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಾಮಿನಿ ಹಣದ ಒಡೆಯನಲ್ಲ. ಇತರ ವಾರಸುದಾರರ ಪರವಾಗಿ ಹಣ ಪಡೆಯುವವನು ಅಷ್ಟೆ. ಸರ್ವೋಚ್ಚ ನ್ಯಾಯಾಲಯ 2010ರ ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅಣ್ಣ ನಾಮಿನಿಯಾಗಿದ್ದ ಮಾತ್ರಕ್ಕೆ ತಂಗಿಯ ಪಾಲು ಕರಗುವುದಿಲ್ಲ.

2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಇಂತಿಂಥವರಿಗೆ ಇಷ್ಟಿಷ್ಟು ಪಾಲು ಎಂದು ಬರೆಯಬಹುದು, ಇಲ್ಲವೆ ಒಬ್ಬರ ನಂತರ ಒಬ್ಬರು ಎಂದು ಸಾಲಾಗಿ ಹೆಸರಿಸಬಹುದು. ಲಾಕರಿಗೆ ಮಾತ್ರ ಎರಡನೆಯ ವಿಧಾನವೊಂದೇ.

ನಾಮಿನಿ ಇಲ್ಲದಿದ್ದರೆ?

ನಮ್ಮ ಮನೆಯ ಪ್ರಸಂಗ ಇದು. ರಿಸರ್ವ್ ಬ್ಯಾಂಕು 2005ರಲ್ಲೇ ಎಲ್ಲ ಬ್ಯಾಂಕುಗಳಿಗೆ ಒಂದು ಸೂಚನೆ ಕೊಟ್ಟಿತ್ತು. ಪ್ರತಿ ಬ್ಯಾಂಕೂ ಒಂದು ಮಿತಿ ಗೊತ್ತುಮಾಡಿಕೊಳ್ಳಬೇಕು, ಅದರೊಳಗಿನ ಹಣವನ್ನು ಇಂಡೆಮ್ನಿಟಿ ಪತ್ರವೊಂದರ ಮೇಲೆ ವಾರಸುದಾರರಿಗೆ ಕೊಡಬೇಕು ಎಂಬುದು ಅದರ ಆಶಯ. ಇಂಡೆಮ್ನಿಟಿ ಎಂದರೆ, ಮುಂದೆ ಬೇರೆಯವರು ಹಕ್ಕು ಸಾಧಿಸಿದರೆ ಬ್ಯಾಂಕಿಗೆ ಆಗುವ ನಷ್ಟವನ್ನು ನಾವು ತುಂಬಿಕೊಡುತ್ತೇವೆಂಬ ಮುಚ್ಚಳಿಕೆ. ಆದರೆ ಮಿತಿ ಎಷ್ಟೆಂಬುದನ್ನು ಬ್ಯಾಂಕುಗಳಿಗೇ ಬಿಟ್ಟಿದ್ದರು. ಹೀಗಾಗಿ ಒಂದು ಬ್ಯಾಂಕಿನಲ್ಲಿ ಸಾಕಾದ ಕಾಗದ ಪಕ್ಕದ ಬ್ಯಾಂಕಿನಲ್ಲಿ ಸಾಲದು.

2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊಸ ನಿರ್ದೇಶನಗಳನ್ನು ಹೊರಡಿಸಿ, 2026ರ ಮಾರ್ಚ್ 31ರೊಳಗೆ ಜಾರಿಗೆ ತರುವಂತೆ ಬ್ಯಾಂಕುಗಳಿಗೆ ಹೇಳಿತು. ವಾಣಿಜ್ಯ ಬ್ಯಾಂಕುಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿ, ಸಹಕಾರಿ ಬ್ಯಾಂಕುಗಳಲ್ಲಿ ಕನಿಷ್ಠ 5 ಲಕ್ಷ ರೂಪಾಯಿಯವರೆಗೆ ಸರಳ ವಿಧಾನವನ್ನೇ ಅನುಸರಿಸಬೇಕು. ವಾರಸುದಾರರಲ್ಲಿ ತಕರಾರು ಇಲ್ಲದಿದ್ದರೆ ಈ ಮಿತಿಯೊಳಗೆ ನ್ಯಾಯಾಲಯದ ಪ್ರಮಾಣಪತ್ರಕ್ಕೂ ಮೂರನೆಯವರ ಜಾಮೀನಿಗೂ ಪಟ್ಟು ಹಿಡಿಯುವಂತಿಲ್ಲ. ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ಚೀಟಿ, ಇಂಡೆಮ್ನಿಟಿ ಪತ್ರ, ಹಣ ಬೇಡವೆನ್ನುವ ಇತರ ವಾರಸುದಾರರ ಒಪ್ಪಿಗೆ ಮತ್ತು ವಾರಸುದಾರರು ಯಾರೆಂಬುದಕ್ಕೆ ಆಧಾರ, ಇಷ್ಟು ಸಾಕು.

ಎಲ್ಲ ಕಾಗದಗಳೂ ಕೈಸೇರಿದ 15 ದಿನಗಳೊಳಗೆ ಬ್ಯಾಂಕು ಹಣ ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ, ರಿಸರ್ವ್ ಬ್ಯಾಂಕಿನ 'ಬ್ಯಾಂಕ್ ದರ'ಕ್ಕೆ ಶೇಕಡಾ 4 ಸೇರಿಸಿ ಬಡ್ಡಿ ತೆರಬೇಕು. ಎರಡನೆಯ ಬಗೆಯ ತಪ್ಪಿಗೂ ಕೊನೆಗೆ ಒಂದು ಬೆಲೆ ಕಟ್ಟಿದಂತಾಯಿತು.

ಕೈ ನಡುಗುವವರಿಗೆ, ನಡೆಯಲಾರದವರಿಗೆ

ವಯಸ್ಸಾದಂತೆ ಸಹಿ ಬದಲಾಗುತ್ತದೆ. ಸಹಿ ಮಾಡಲಾಗದವರು ಹೆಬ್ಬೆರಳ ಗುರುತು ಒತ್ತಿ ಹಣ ಪಡೆಯಬಹುದು. ಬ್ಯಾಂಕು ಬಲ್ಲ ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. 70 ದಾಟಿದವರಿಗೂ ಅಂಗವಿಕಲರಿಗೂ ಹಣ ತಲಪಿಸುವುದು, ಪಡೆಯುವುದು ಮುಂತಾದ ಮೂಲ ಸೇವೆಗಳನ್ನು ಮನೆಬಾಗಿಲಲ್ಲಿ ಒದಗಿಸಬೇಕೆಂದು 2017ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ.

ಇದೇನೂ ನಮ್ಮ ನಾಡಿಗೆ ಹೊಸದಲ್ಲ. 1928ರಲ್ಲಿ ಕರಾವಳಿಯಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಬಿಡದೆ ಸಂಗ್ರಹಿಸುತ್ತಿದ್ದರು. ಇಡುವಾಗ ಮನೆಬಾಗಿಲಿಗೆ ಬಂದವರು ಕೊಡುವಾಗಲೂ ಬರಲಿ ಎಂದರೆ ಅತಿಯಾಸೆಯಲ್ಲ.

ಹಳೆಯ ಪಾಸ್‌ಬುಕ್ ಸಿಕ್ಕಿದರೆ

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಪಾಸ್‌ಬುಕ್ಕಿನ ಬ್ಯಾಂಕೇ ಈಗ ಇಲ್ಲವಲ್ಲ ಎಂದು ಹಲವರು ಕೇಳುತ್ತಾರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಹೆಸರು ಹೋದರೂ ಠೇವಣಿಯ ಹೊಣೆ ಹೊಸ ಬ್ಯಾಂಕಿನದು.

ಎರಡು ವರ್ಷ ವಹಿವಾಟು ನಡೆಸದ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದ ಹಣ 2014ರ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಹೋದರೂ ಹಕ್ಕು ಅಳಿಯುವುದಿಲ್ಲ. ಅರ್ಜಿಯನ್ನು ಬ್ಯಾಂಕಿಗೇ ಕೊಡಬೇಕು. ಇಂಥ ಖಾತೆಗಳನ್ನು ಹುಡುಕಲು 2023ರಿಂದ ರಿಸರ್ವ್ ಬ್ಯಾಂಕಿನ 'ಉದ್ಗಮ್' ಎಂಬ ಅಂತರಜಾಲ ತಾಣವಿದೆ. ಮನೆಯ ಕಾಲೇಜು ಮಕ್ಕಳಿಗೆ ಹೇಳಿದರೆ ಹುಡುಕಿಕೊಡುತ್ತಾರೆ.

ಬಾಯಿಮಾತು ಬೇಡ, ಬರವಣಿಗೆ ಬೇಕು

ನಮ್ಮ ಪ್ರಸಂಗ ಮುಗಿದದ್ದು ಒಂದು ಪತ್ರದಿಂದ. ನಾನು ಮ್ಯಾನೇಜರರಿಗೆ ಅರ್ಧ ಪುಟ ಬರೆದೆ. ಇಂತಿಂಥ ದಿನ ಇಂತಿಂಥ ಕಾಗದ ಕೊಟ್ಟಿದ್ದೇವೆ, ಉತ್ತರಾಧಿಕಾರ ಪ್ರಮಾಣಪತ್ರವನ್ನು ಯಾವ ನಿಯಮದಡಿ ಕೇಳುತ್ತಿದ್ದೀರಿ, ನಿಮ್ಮ ಬ್ಯಾಂಕಿನ ಮಿತಿ ಎಷ್ಟು, ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ ಎಂದು. ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆ. ಉತ್ತರ ಬರಲಿಲ್ಲ. ಎರಡು ವಾರದಲ್ಲಿ, ಅಮ್ಮ, ತಂಗಿ ಮತ್ತು ನಾನು ಸಹಿ ಮಾಡಿದ ಇಂಡೆಮ್ನಿಟಿ ಪತ್ರದ ಮೇಲೆ, ಹಣವೇ ಬಂತು.

ನಿಮ್ಮ ಪತ್ರಕ್ಕೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 1995ರಲ್ಲಿ ಶುರುವಾದ ಈ ವ್ಯವಸ್ಥೆಯನ್ನು 2021ರಲ್ಲಿ ಏಕೀಕರಿಸಲಾಯಿತು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಬ್ಯಾಂಕಿಗೇ ದೂರು ಕೊಟ್ಟಿರಬೇಕು. ಮೊಹರಿನ ನಕಲು ಅಲ್ಲಿ ಕೆಲಸಕ್ಕೆ ಬರುತ್ತದೆ.

ಅಮ್ಮನ ಕಣ್ಣು ಈಗ ಚೆನ್ನಾಗಿದೆ. ಕನ್ನಡಕ ಹಾಕಿಕೊಂಡು ತಮ್ಮ ಪಾಸ್‌ಬುಕ್ಕನ್ನು ತಾವೇ ಓದುತ್ತಾರೆ. ಹಣ ಬಂದ ದಿನ ಅವರು ಹೇಳಿದ್ದು ಒಂದೇ ಮಾತು: "ದುಡ್ಡು ತಡವಾದದ್ದಕ್ಕೆ ಬೇಜಾರಿಲ್ಲ ಕಣೋ, ಹಾಗೆ ಕೇಳಬಾರದಿತ್ತು." ಆ ಮಾತಿಗೆ ಯಾವ ನಿಯಮದಲ್ಲೂ ಪರಿಹಾರವಿಲ್ಲ. ಅಂಥ ಪ್ರಶ್ನೆ ನಿಮ್ಮ ಮನೆಯವರಿಗೆ ಎದುರಾಗದಂತೆ ಮಾಡುವುದು ಮಾತ್ರ ನಿಮ್ಮ ಕೈಯಲ್ಲಿದೆ. ಇಂದೇ ಬೀರು ತೆರೆಯಿರಿ. ಪ್ರತಿ ಪಾಸ್‌ಬುಕ್ಕಿನಲ್ಲೂ ಪ್ರತಿ ಠೇವಣಿ ರಸೀದಿಯಲ್ಲೂ ನಾಮನಿರ್ದೇಶನ ದಾಖಲಾಗಿದೆಯೇ ನೋಡಿ. ಇಲ್ಲದಿದ್ದರೆ ಈ ವಾರವೇ ಅರ್ಜಿ ತುಂಬಿ, ಸ್ವೀಕೃತಿ ಪಡೆಯಿರಿ. ಯಾವ ಕಾಗದ ಎಲ್ಲಿದೆ ಎಂಬುದನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಡಿ.