ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದ ಜೋಡಿ!

ಸಿನಿಮಾದಲ್ಲಾದರೆ ಎಲ್ಲಾ ಸುಲಭ. ಹೀರೋ ಹೀರೋಯಿನ್ ಕೈ ಹಿಡಿದರೆ ಸಾಕು, ಮರುಕ್ಷಣ ಇಬ್ಬರೂ ಲಾಲ್‌ಬಾಗಿನ ಹೂಗಳ ನಡುವೆ! ಬಸ್ ಚಾರ್ಜು ಕೊಟ್ಟವರು ಯಾರು, ರಾತ್ರಿ ಉಳಿದದ್ದೆಲ್ಲಿ, ತಿಂಡಿ ತಿಂದರೋ ಇಲ್ಲವೋ... ಡೈರೆಕ್ಟರು ಹೇಳೋದೇ ಇಲ್ಲ. ನಮ್ಮ ನಿಮ್ಮಂಥವರ ಬಾಳಿನಲ್ಲಿ ಹಾಗೆ ಸೀನ್ ಬದಲಾಗುವುದಿಲ್ಲ ಸ್ವಾಮಿ!

ಮದುವೆಯಾದ ಹೊಸತು. ನಮ್ಮದು ಮನೆ ತುಂಬ ಜನ. ಗಂಡ ಹೆಂಡತಿ ಒಂದು ಮಾತಾಡಬೇಕಾದರೂ ಪಿಸುಪಿಸು. ಶನಿವಾರ, ಭಾನುವಾರ ಎರಡು ದಿನವಾದರೂ ನಮ್ಮದೇ ಆಗಿರಲಿ ಎಂದು ನನ್ನವಳನ್ನು ಬೆಂಗಳೂರಿಗೆ ಕರೆತಂದೆ. ಆದರೆ ನಾನು ಹುಟ್ಟಾ ಸಿನಿಮಾ ಹುಚ್ಚ! ಮೊದಲು ಕಂಠೀರವ ಸ್ಟುಡಿಯೋದಲ್ಲಿ ಅಣ್ಣಾವ್ರ ಸಮಾಧಿ, ಅಪ್ಪು ಸಮಾಧಿ. ಆಮೇಲೆ ಕ್ಯೂ, ಕಟೌಟು, ಶಿಳ್ಳೆ. ಎರಡು ದಿನಕ್ಕೆ ಮೂರು ಸಿನಿಮಾ! ಲಾಡ್ಜ್ ಮೊದಲೇ ಗೊತ್ತು ಮಾಡಿರಲಿಲ್ಲ. ಅವಳ ಗುರುತಿನ ಚೀಟಿ ಊರಲ್ಲೇ ಬಿಟ್ಟು ಬಂದಿದ್ದೆವು. ಎರಡು ಕಡೆ ರೂಮಿಲ್ಲ ಅಂದರು. ಕೌಂಟರಿನ ಮುಂದೆ ಚೀಲ ಹಿಡಿದು ತಲೆತಗ್ಗಿಸಿ ನಿಂತಿದ್ದಳಲ್ಲ, ಆ ಚಿತ್ರ ಇವತ್ತಿಗೂ ಕಣ್ಣಲ್ಲಿದೆ.

ವಾಪಸ್ ಬಸ್ಸಿನಲ್ಲಿ ಕಿಟಕಿಯಾಚೆಯೇ ನೋಡುತ್ತಿದ್ದಳು.

"ಯಾಕೇ, ಏನಾಯ್ತು?" ಅಂದೆ.

"ಏನಿಲ್ಲ ಬಿಡಿ. ಹೂವಿನ ಮಾರ್ಕೆಟ್ ನೋಡಬೇಕು ಅಂತಿತ್ತು. ಅಪ್ಪ ಇರೋವರೆಗೂ ನಮ್ಮ ತೋಟದ ಸೇವಂತಿಗೆ ಅಲ್ಲಿಗೇ ಬರ್ತಿತ್ತು. ನಾನು ಒಂದ್ಸಲವೂ ನೋಡಿಲ್ಲ."

"ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಲೇ ಇಲ್ಲವಲ್ಲ ರೀ..."

ಯಾವ ಕ್ಲೈಮ್ಯಾಕ್ಸ್ ಡೈಲಾಗೂ ಎದೆಗೆ ಹಾಗೆ ಬಡಿದಿಲ್ಲ ಗೆಳೆಯರೇ!

ಆರು ತಿಂಗಳು ಕಾಸು ಕೂಡಿಟ್ಟು ಮತ್ತೆ ಹೋದೆವು. ಈ ಸಲ ಚಿತ್ರಕಥೆ ಪಕ್ಕಾ. ಬೇಕಾದರೆ ನೀವೂ ನೋಡಿಕೊಳ್ಳಿ.

ಮೊದಲು ಲಾಡ್ಜ್. ಊರಿನಿಂದಲೇ ಫೋನ್ ಮಾಡಿ ರೂಮು ಹಿಡಿಯಿರಿ. ಇಬ್ಬರ ಆಧಾರ್ ಕಾರ್ಡೂ ಜೇಬಿನಲ್ಲಿರಲಿ. ಬಾಡಿಗೆ 24 ಗಂಟೆಗೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕೋ ಎಂದು ಮೊದಲೇ ಕೇಳಿ. ಬಸ್ ಸ್ಟ್ಯಾಂಡಿನಲ್ಲಿ "ರೂಮ್ ಬೇಕಾ ಸಾರ್" ಎಂದು ಬೆನ್ನು ಹತ್ತುವವರ ಜೊತೆ ಹೋಗಲೇಬೇಡಿ.

ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ. ಬೆಂಗಳೂರಿಗೆ ಮೆಟ್ರೋ ಬರಬೇಕೆಂದು ಕನಸು ಕಂಡಿದ್ದವರು ನಮ್ಮ ಶಂಕರ್‌ನಾಗ್! ಅವರು ತೀರಿಕೊಂಡದ್ದು 1990ರಲ್ಲಿ, ಮೊದಲ ರೈಲು ಓಡಿದ್ದು 2011ರಲ್ಲಿ. ಈ ಕಥೆಯನ್ನು ಅವಳಿಗೆ ಹೇಳಿ ಮುಗಿಸುವಷ್ಟರಲ್ಲಿ ಲಾಲ್‌ಬಾಗ್ ಸ್ಟೇಷನ್ ಬಂದಿರುತ್ತದೆ.

1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಅದು. ಗಾಜಿನ ಮನೆ 1889ರದು. ಅಲ್ಲಿನ ಬಂಡೆಗೆ ವಯಸ್ಸು ಸುಮಾರು 300 ಕೋಟಿ ವರ್ಷ! ಅದರ ಮೇಲೆ ಕೆಂಪೇಗೌಡರ ಗೋಪುರದ ಬಳಿ ಒಂದು ಗಂಟೆ ಸುಮ್ಮನೆ ಕೂತು ಮಾತಾಡಿ. ಅದಕ್ಕೆ ತಾನೇ ಇಷ್ಟು ದೂರ ಬಂದದ್ದು? ಅಲ್ಲಿಂದ ಗಾಂಧಿ ಬಜಾರು ಹತ್ತಿರ. 1943ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿನ್ನಿ. ವಾರದ ಕೊನೆ ಜನ ಜಾಸ್ತಿ, ಕಾಯಬೇಕಾಗುತ್ತದೆ. ಕಾಯಿರಿ, ಪಕ್ಕದಲ್ಲಿ ಅವಳಿದ್ದಾಳಲ್ಲ!

ಸಂಜೆ ಒಂದು ಸಿನಿಮಾ. ಒಂದೇ! ಅದೂ ಅವಳು ಆರಿಸಿದ್ದು. 1972ರ 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್ ಚಿತ್ರಮಂದಿರ ಇದ್ದದ್ದು ಇದೇ ಕೆಂಪೇಗೌಡ ರಸ್ತೆಯಲ್ಲಿ. ಮೆಜೆಸ್ಟಿಕ್ಕಿನಲ್ಲೇ ಇದ್ದ ಕಪಾಲಿಯನ್ನು ಈಗ ಕೆಡವಿಯಾಗಿದೆ. ಹಳೇ ಕಥೆಯನ್ನು ರಸ್ತೆಯಲ್ಲೇ ಹೇಳಿ ಮುಗಿಸಿ, ಒಳಗೆ ಹೋದ ಮೇಲೆ ಬೇಡ.

ಭಾನುವಾರ ನಸುಕಿಗೇ ಎದ್ದೆವು. ಆ ದಿನ ಮೆಟ್ರೋ ತಡವಾಗಿ ಶುರುವಾಗುವುದರಿಂದ ಆಟೋ ಹಿಡಿದು ಕೆ.ಆರ್. ಮಾರ್ಕೆಟ್ಟಿಗೆ ಹೋದೆವು. ಚೆಂಡುಹೂ, ಕನಕಾಂಬರ, ಗುಲಾಬಿ... ರಾಶಿ ರಾಶಿ! ಕಾಲಡಿ ಕೆಸರು, ತಲೆ ಮೇಲೆ ಮೂಟೆ ಹೊತ್ತವರ ಕೂಗು. ಸೇವಂತಿಗೆ ರಾಶಿಯ ಮುಂದೆ ನನ್ನವಳು ನಿಂತುಬಿಟ್ಟಳು. ಒಂದು ಹೂ ಎತ್ತಿ ಮೂಸಿ, "ಇದು ನಿನ್ನೆ ಕೊಯ್ದದ್ದು ಅಲ್ವೇನಣ್ಣಾ?" ಅಂದಳು. ಮಾರುವವನು ಬೆರಗಾದ! ಯಾವ ಮಣ್ಣಿಗೆ ಯಾವ ಬಣ್ಣ, ಮಳೆ ಬಿದ್ದರೆ ರೇಟು ಏನಾಗುತ್ತೆ, ಲಾರಿ ತಪ್ಪಿದ ದಿನ ಅಪ್ಪ ಹೇಗೆ ಊಟ ಬಿಡುತ್ತಿದ್ದರು... ಒಂದೇ ಸಮನೆ ಹೇಳಿದಳು. ಮದುವೆಯಾದಾಗಿನಿಂದ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಆಮೇಲೆ ಕಬ್ಬನ್ ಪಾರ್ಕಿಗೆ ಹೋದೆವು. ಭಾನುವಾರ ಒಳಗೆ ವಾಹನಗಳ ಕಾಟವಿಲ್ಲ. ಕೊಂಡ ಹೂವನ್ನು ಮರದ ಕೆಳಗೆ ಕೂತು ಕಟ್ಟಿದಳು. ಅರ್ಧ ಮುಡಿದಳು. ಉಳಿದರ್ಧ ಊರಿಗೆ ತಂದು ಅಪ್ಪನ ಫೋಟೋಕ್ಕೆ ಹಾಕಿದಳು.

ಬೆಂಗಳೂರಿಗೆ ಟಿಕೆಟ್ ತೆಗೆಸುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಿ ಗೆಳೆಯರೇ: "ನಿನಗೇನು ನೋಡಬೇಕು?" ಉತ್ತರ ಬರುವವರೆಗೆ ಕಾಯಿರಿ. ಆಮೇಲೆ ಎಲ್ಲಾ... ಶುಭಂ!