ಹಳೆಯ ಕಥೆಗೆ ಹೊಸ ಹುಟ್ಟು: ಅಭಿಮಾನಿಗಳು ಮುನಿಯುವುದೇಕೆ?

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶವನ್ನು ಹಿಂದಿಕ್ಕಿ ಪಶ್ಚಿಮದತ್ತ ಸಾಗಿದರೆ ರಾಮನಗರದ ಕಲ್ಲುಬೆಟ್ಟಗಳು ಎದುರಾಗುತ್ತವೆ. 1975ನೆಯ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ ಎಂಬ ಹಿಂದಿ ಚಲಚ್ಚಿತ್ರದ ರಾಮಗಢವನ್ನು ಈ ಬೆಟ್ಟಗಳ ನಡುವೆಯೇ ಕಟ್ಟಿದ್ದರೆಂಬುದು ಈ ಸೀಮೆಯವರಿಗೆಲ್ಲ ತಿಳಿದ ಸಂಗತಿ. 2007ರಲ್ಲಿ ರಾಮ್ ಗೋಪಾಲ್ ವರ್ಮಾ ಅವರು ಅದೇ ಕಥೆಯನ್ನು ‘ಆಗ್’ ಎಂಬ ಹೆಸರಿನಿಂದ ಹೊಸದಾಗಿ ತೆಗೆದರು. ಹಿಂದೆ ಜಯನಾಗಿ ಮೆರೆದ ಅಮಿತಾಭ್ ಬಚ್ಚನ್ ಅವರೇ ಇಲ್ಲಿ ಖಳನಾಯಕ. ಪ್ರೇಕ್ಷಕರು ಈ ಚಿತ್ರವನ್ನು ನಿರಾಕರಿಸಿದರು. ಅಷ್ಟೇ ಅಲ್ಲ, ತಮ್ಮ ಮನೆಯ ಒಡವೆಗೆ ಯಾರೋ ಕೈಹಾಕಿದರೆಂಬಂತೆ ಸಿಟ್ಟಾದರು. ಹಳೆಯ ಚಿತ್ರಕ್ಕೇನೂ ಊನವಾಗಿರಲಿಲ್ಲ. ಬೇಕೆಂದವರು ಅದನ್ನು ಮತ್ತೆ ನೋಡಬಹುದಾಗಿತ್ತು. ಹಾಗಿದ್ದರೂ ಈ ಕೋಪವೇಕೆ?

ವೈಜ್ಞಾನಿಕ ಕಥಾಮಾಲೆಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಕಂಪ್ಯೂಟರು ತಡವರಿಸಿದಾಗ ಅದನ್ನು ಆರಿಸಿ ಮೊದಲಿನಿಂದ ಚಾಲೂ ಮಾಡುವುದನ್ನು ‘ರೀಬೂಟ್’ ಎನ್ನುತ್ತಾರಷ್ಟೆ. ಬಹುಕಾಲ ನಡೆದುಬಂದ ಕಥೆಯೊಂದನ್ನು ಬದಿಗಿರಿಸಿ, ಅದೇ ಹೆಸರು, ಅದೇ ಪಾತ್ರಗಳಿಂದ ಮತ್ತೆ ಮೊದಲುಮಾಡುವುದಕ್ಕೂ ಈಗ ಅದೇ ಮಾತು ಸಲ್ಲುತ್ತದೆ. ಇದಕ್ಕೆ ‘ಸ್ಟಾರ್ ಟ್ರೆಕ್’ ಒಳ್ಳೆಯ ನಿದರ್ಶನ.

ಜೀನ್ ರಾಡನ್‌ಬರಿ ರೂಪಿಸಿದ ಈ ಮಾಲೆ ಅಮೆರಿಕದ ದೂರದರ್ಶನದಲ್ಲಿ 1966ನೆಯ ಸೆಪ್ಟೆಂಬರ್ 8ರಂದು ಆರಂಭವಾಯಿತು. ‘ಎಂಟರ್‌ಪ್ರೈಸ್’ ಎಂಬ ವ್ಯೋಮನೌಕೆ, ಅದರ ನಾಯಕ ಕರ್ಕ್, ವಲ್ಕನ್ ಎಂಬ ಗ್ರಹದ ತರ್ಕಶೀಲ ಸ್ಪಾಕ್, ಇವರೇ ಅದರ ಜೀವಾಳ. ಮಾಲೆಯನ್ನು ನಿಲ್ಲಿಸುವರೆಂಬ ಸುದ್ದಿ ಹಬ್ಬಿದಾಗ, 1967–68ರಲ್ಲಿ, ಅಭಿಮಾನಿಗಳು ಕಾಗದಗಳ ಮಳೆಗರೆದು ಮೂರನೆಯ ವರ್ಷವನ್ನು ಗಳಿಸಿಕೊಟ್ಟರು. 1969ರಲ್ಲಿ ಅದು 79 ಕಂತುಗಳೊಂದಿಗೆ ಮುಗಿಯಿತು. ಆದರೂ ಅಭಿಮಾನ ಅಡಗಲಿಲ್ಲ. 1976ರಲ್ಲಿ ಅಮೆರಿಕದ ಪ್ರಥಮ ಬಾಹ್ಯಾಕಾಶ ಷಟಲ್‌ಗೆ ‘ಎಂಟರ್‌ಪ್ರೈಸ್’ ಎಂಬ ಹೆಸರು ಬಂದುದೂ ಅಭಿಮಾನಿಗಳ ಪತ್ರಗಳ ಫಲವೇ. ಕಥೆಯ ಒಂದು ಪಾಲು ತಮ್ಮದೆಂದು ಇಂಥವರು ಭಾವಿಸಿದರೆ ಆಶ್ಚರ್ಯವೇನು?

1987ರಲ್ಲಿ ಹೊಸ ನೌಕೆ, ಹೊಸ ನಾಯಕನೊಡನೆ ಎರಡನೆಯ ಮಾಲೆ ಬಂದಾಗ ಹಳಬರು ಮೂಗುಮುರಿದರು. ಆದರೆ ಅದು ಹಳೆಯ ಕಥೆಯನ್ನು ಅಳಿಸಲಿಲ್ಲ. ಮುಂದಿನ ತಲೆಮಾರಿನ ಕಥೆಯನ್ನು ಹೇಳಿತು. ಏಳು ವರ್ಷಗಳಲ್ಲಿ ಜನ ಅದನ್ನೂ ತಮ್ಮದಾಗಿಸಿಕೊಂಡರು. ನಿಜವಾದ ಪರೀಕ್ಷೆ ಎದುರಾದುದು 2009ರಲ್ಲಿ. ಜೆ. ಜೆ. ಏಬ್ರಮ್ಸ್ ನಿರ್ದೇಶಿಸಿದ ಚಿತ್ರದಲ್ಲಿ ಕರ್ಕ್ ಮತ್ತು ಸ್ಪಾಕರೇ ಮರಳಿ ತರುಣರಾದರು. ಪಾತ್ರಧಾರಿಗಳು ಮಾತ್ರ ಬೇರೆ. ಹಾಗಾದರೆ ಹಿಂದಿನ ನಲವತ್ತು ವರ್ಷಗಳ ಕಥೆ ಸುಳ್ಳೇ?

ಕಥೆಗಾರರು ಇದಕ್ಕೊಂದು ಉಪಾಯ ಹೂಡಿದರು. 2387ನೆಯ ಇಸವಿಯಿಂದ ನೌಕೆಯೊಂದು ಕೃಷ್ಣವಿವರದ ಮೂಲಕ 2233ಕ್ಕೆ ಹಿಂದಿರುಗಿ ಕರ್ಕನ ತಂದೆಯ ಸಾವಿಗೆ ಕಾರಣವಾಗುತ್ತದೆ. ಆ ಗಳಿಗೆಯಿಂದ ಇತಿಹಾಸ ಕವಲೊಡೆಯುತ್ತದೆ. ಹೊಸ ಕವಲಿನಲ್ಲಿ ವಲ್ಕನ್ ಗ್ರಹವೇ ನಾಶವಾಗುತ್ತದೆ. ಹಳೆಯ ಕವಲು ಹಾಗೆಯೇ ಉಳಿಯುತ್ತದೆ. ಅದರ ಸಾಕ್ಷಿಯಾಗಿ, ಮೊದಲಿನಿಂದ ಸ್ಪಾಕನಾಗಿ ನಟಿಸಿದ ಲಿಯೊನಾರ್ಡ್ ನಿಮಾಯ್ ಅವರೇ ಮುದುಕ ಸ್ಪಾಕನಾಗಿ ಬಂದು ತರುಣ ಸ್ಪಾಕನೊಡನೆ ಮಾತನಾಡುತ್ತಾರೆ. ಬಹುಮಂದಿ ಅಭಿಮಾನಿಗಳು ಚಿತ್ರವನ್ನು ಒಪ್ಪಿಕೊಂಡರು.

ಅವರು ಒಪ್ಪಿದುದು ಭೌತಶಾಸ್ತ್ರ ಸರಿಯಾಗಿದೆಯೆಂದಲ್ಲ. ಒಂದು ನಕ್ಷತ್ರ ಸಿಡಿದು ಇಡೀ ನಕ್ಷತ್ರಮಂಡಲವನ್ನೇ ನಾಶಪಡಿಸುವ ಭೀತಿ ಉಂಟಾಯಿತೆಂದು ಚಿತ್ರ ಹೇಳುತ್ತದೆ. ನಮ್ಮ ಮಂಡಲದ ಅಡ್ಡಳತೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರದಿಂದ ಬೆಳಕು ಬರಲು 4 ವರ್ಷಕ್ಕೂ ಹೆಚ್ಚು ಕಾಲ ಬೇಕು. ಸ್ಫೋಟದ ಪ್ರಭಾವ ಬೆಳಕಿಗಿಂತ ವೇಗವಾಗಿ ಹರಡಲಾರದು. ದೂರ ಹೋದಂತೆಲ್ಲ ಕ್ಷೀಣಿಸುತ್ತದೆ. ಅಭಿಮಾನಿಗಳು ಇದನ್ನು ಎತ್ತಿ ತೋರಿಸಿ ನಕ್ಕರು, ಆದರೆ ಕ್ಷಮಿಸಿದರು. ಬೆಳಕನ್ನು ಮೀರುವ ನೌಕೆಯನ್ನು ಮೊದಲೇ ಒಪ್ಪಿದವರಿಗೆ ಇದೇನು ಮಹಾ!

2013ರಲ್ಲಿ ಅದೇ ನಿರ್ದೇಶಕರ ಎರಡನೆಯ ಚಿತ್ರ ಬಂದಾಗ ಮಾತ್ರ ಗಾಳಿ ತಿರುಗಿತು. ಆ ವರ್ಷ ಲಾಸ್ ವೇಗಾಸ್ ನಗರದಲ್ಲಿ ಕೂಡಿದ ಅಭಿಮಾನಿಗಳು ಈ ಮಾಲೆಯ ಚಿತ್ರಗಳಲ್ಲೆಲ್ಲ ಅದೇ ಕನಿಷ್ಠವೆಂದು ಮತ ನೀಡಿದರು. ಅವರ ಆಕ್ಷೇಪಣೆಗಳಲ್ಲಿ ಎರಡು ಗಮನಾರ್ಹ. 1982ರ ಚಿತ್ರದ ಖಾನ್ ಎಂಬ ಖಳನನ್ನು ಮತ್ತೆ ತಂದು, ಆ ಚಿತ್ರದ ಮರಣದೃಶ್ಯದಲ್ಲಿ ಸಾಯುವವನನ್ನೂ ಉಳಿಯುವವನನ್ನೂ ಅದಲುಬದಲು ಮಾಡಿದ್ದರು, ಅಷ್ಟೆ. ಹೊಸದಾಗಿ ಏನನ್ನೂ ಹೇಳಿರಲಿಲ್ಲ. ಎರಡನೆಯದಾಗಿ, ಖಾನನು ನೌಕೆಯ ನೆರವಿಲ್ಲದೆ ಭೂಮಿಯಿಂದ ಬೇರೊಂದು ನಕ್ಷತ್ರದ ಗ್ರಹಕ್ಕೆ ಕ್ಷಣಮಾತ್ರದಲ್ಲಿ ಹೋಗಿಬಿಡುತ್ತಾನೆ. ಹಾಗೆ ಹೋಗಬಹುದಾದರೆ ನೌಕೆಗಳೇಕೆ? ಕಥೆ ತಾನೇ ವಿಧಿಸಿಕೊಂಡ ನಿಯಮವನ್ನು ಇಲ್ಲಿ ತಾನೇ ಮುರಿಯಿತು. ಪ್ರಕೃತಿಯ ನಿಯಮಭಂಗವನ್ನು ಸಹಿಸಿದ ಅಭಿಮಾನಿ ಕಥೆಯ ನಿಯಮಭಂಗವನ್ನು ಸಹಿಸಲಿಲ್ಲ.

ಇಲ್ಲಿ ನಮ್ಮ ತರಗತಿಗಳಲ್ಲಿ ವರ್ಷವರ್ಷವೂ ಏಳುವ ಪ್ರಶ್ನೆಯೊಂದು ನೆನಪಾಗುತ್ತದೆ. ಐನ್‌ಸ್ಟೈನ್ ಸರಿಯಾದರೆ ನ್ಯೂಟನ್ ತಪ್ಪೇ? ತಪ್ಪಾದುದನ್ನು ಇಷ್ಟು ವರ್ಷ ಕಲಿತದ್ದೇಕೆ? ಇದೂ ಒಂದು ಬಗೆಯಲ್ಲಿ ಅಭಿಮಾನಿಯ ದುಗುಡವೇ. ಮನಸ್ಸಿಟ್ಟು ಕಲಿತದ್ದು ವ್ಯರ್ಥವಾಯಿತೆಂಬ ಭಯ ಅದರೊಳಗಿದೆ. ಇದಕ್ಕೆ ಉತ್ತರ ಲೆಕ್ಕದಲ್ಲಿದೆ. ಹಾರೋಹಳ್ಳಿಯಿಂದ ಕನಕಪುರಕ್ಕೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಬಸ್ಸನ್ನು ಭಾವಿಸಿರಿ. ಸಾಪೇಕ್ಷತಾ ಸಿದ್ಧಾಂತದಂತೆ ಬಸ್ಸಿನೊಳಗಿನ ಗಡಿಯಾರ ನಿಲ್ದಾಣದ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ. ಎಷ್ಟು ನಿಧಾನ? ವೇಗದಿಂದುಂಟಾಗುವ ಅಂತರ ಒಂದು ಸೆಕೆಂಡಿನಷ್ಟಾಗಬೇಕಾದರೆ ಬಸ್ಸು ಎಡೆಬಿಡದೆ ಸುಮಾರು 2 ಕೋಟಿ ವರ್ಷ ಓಡಬೇಕು! ನಮ್ಮ ದಿನಬಳಕೆಯ ವೇಗಗಳಲ್ಲಿ ನ್ಯೂಟನ್ನನ ನಿಯಮ ಐನ್‌ಸ್ಟೈನರ ನಿಯಮದೊಳಗೇ ಸುಕ್ಷೇಮವಾಗಿದೆ. ಹೊಸ ಸಿದ್ಧಾಂತವು ಹಳೆಯದು ಗೆದ್ದ ಕ್ಷೇತ್ರದಲ್ಲಿ ಹಳೆಯ ಫಲಗಳನ್ನೇ ಕೊಡಬೇಕು. ಇದಕ್ಕೆ ಅನುರೂಪತೆಯ ತತ್ತ್ವವೆನ್ನಬಹುದು. ಕ್ವಾಂಟಂ ವಿಜ್ಞಾನದಲ್ಲಿ ನೀಲ್ಸ್ ಬೋರ್ ಇದನ್ನು ದಾರಿದೀಪವಾಗಿ ಬಳಸಿದರು.

ಇಷ್ಟೇ ಸಾಲದು. ಹಳೆಯದು ಉತ್ತರಿಸಲಾರದ ಪ್ರಶ್ನೆಗೆ ಹೊಸದು ಉತ್ತರ ಕೊಡಬೇಕು. ಬುಧಗ್ರಹದ ಕಕ್ಷೆ ಶತಮಾನಕ್ಕೆ 43 ವಿಕಲೆಗಳಷ್ಟು ಹೆಚ್ಚಾಗಿ ತಿರುಗುವುದೇಕೆಂಬುದನ್ನು ನ್ಯೂಟನ್ನನ ನಿಯಮ ಬಿಡಿಸಲಾರದೆ ಹೋಯಿತು; 1915ರಲ್ಲಿ ಐನ್‌ಸ್ಟೈನ್ ಬಿಡಿಸಿದರು.

ಈ ಎರಡು ಅಳತೆಗೋಲುಗಳನ್ನು ಕಥೆಗಳಿಗೆ ಹಿಡಿದು ನೋಡೋಣ. 2009ರ ಚಿತ್ರ ಮುದುಕ ಸ್ಪಾಕನ ಮೂಲಕ ಹಳೆಯದನ್ನು ಉಳಿಸಿಕೊಂಡಿತು. ಮನೆಯನ್ನೇ ಕಳೆದುಕೊಂಡ ತರ್ಕಜೀವಿಯ ಶೋಕವೇನೆಂಬ ಹೊಸ ಪ್ರಶ್ನೆಯನ್ನೂ ಎತ್ತಿತು. 2013ರದು ಹಳೆಯ ಉತ್ತರವನ್ನೇ ನಕಲು ಮಾಡಿತು. ‘ಆಗ್’ ಚಿತ್ರಕ್ಕೆ ಪ್ರೇಕ್ಷಕರು ಕೇಳಿದುದೂ ಇದನ್ನೇ: ‘ಶೋಲೆ’ ಹೇಳದೆ ಬಿಟ್ಟದ್ದು ಇದರಲ್ಲಿ ಏನಿದೆ?

ಹಳೆಯ ಕಥೆಯನ್ನು ಹೊಸದಾಗಿ ಹುಟ್ಟಿಸುವುದು ಕನ್ನಡಿಗರಿಗೆ ಅಪರಿಚಿತವಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ಮಹಾಭಾರತವನ್ನು ತನ್ನ ದೊರೆ ಅರಿಕೇಸರಿಯ ಕಥೆಯೊಡನೆ ಬೆಸೆದು, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಸೀತೆಯೊಡನೆ ರಾಮನೂ ಅಗ್ನಿಯನ್ನು ಹೊಗುತ್ತಾನೆ. ಸೀತೆಗೆ ಮಾತ್ರ ಪರೀಕ್ಷೆಯೇಕೆ ಎಂದು ಓದುಗನ ಮನಸ್ಸನ್ನು ಕೊರೆಯುತ್ತಿದ್ದ ಪ್ರಶ್ನೆಗೆ ಅದು ಕೊಟ್ಟ ಉತ್ತರ. ಬುಧನ ಕಕ್ಷೆಯಂತೆ, ಹಳೆಯದರಲ್ಲಿ ಉಳಿದುಹೋದ ಶೇಷವೇ ಹೊಸದಕ್ಕೆ ಕಾರಣವಾಯಿತು.

ಅಭಿಮಾನಿಗೂ ಒಂದು ಧರ್ಮವುಂಟು. 2017ರ ‘ಸ್ಟಾರ್ ವಾರ್ಸ್’ ಚಿತ್ರದ ವಿಷಯದಲ್ಲಿ ಮುನಿದ ಕೆಲವರು ನಟಿ ಕೆಲ್ಲಿ ಮೇರಿ ಟ್ರಾನ್ ಅವರನ್ನು ಜನಾಂಗ, ರೂಪಗಳನ್ನು ಹಿಡಿದು ನಿಂದಿಸಿದರು. 2018ರಲ್ಲಿ ಆಕೆ ಇನ್‌ಸ್ಟಾಗ್ರಾಮಿನಲ್ಲಿದ್ದ ತಮ್ಮ ಬರಹ, ಚಿತ್ರಗಳನ್ನೆಲ್ಲ ತೆಗೆದುಹಾಕಿದರು. ಇದು ವಿಮರ್ಶೆಯಲ್ಲ, ಹಿಂಸೆ. ಸಿದ್ಧಾಂತವೊಂದು ಒಪ್ಪಿಗೆಯಾಗದಿದ್ದರೆ ಅದರ ಸಮೀಕರಣವನ್ನು ಪ್ರಶ್ನಿಸುತ್ತೇವೆಯೇ ಹೊರತು ಅದನ್ನು ಹಲಗೆಯ ಮೇಲೆ ಬರೆದವರ ಮುಖವನ್ನಲ್ಲ.

ಇನ್ನು ಮುಂದೆಯೂ ಹಳೆಯ ಕಥೆಗಳು ಹೊಸ ವೇಷದಲ್ಲಿ ಬರುತ್ತಲೇ ಇರುತ್ತವೆ. ಬಂದಾಗ ಎರಡೇ ಪ್ರಶ್ನೆ ಕೇಳೋಣ: ನಾವು ಪ್ರೀತಿಸಿದ್ದು ಇದರೊಳಗೆ ಉಳಿದಿದೆಯೆ? ಹಿಂದೆ ತಿಳಿಯದಿದ್ದ ಏನನ್ನಾದರೂ ಇದು ತಿಳಿಸುತ್ತದೆಯೆ? ಎರಡಕ್ಕೂ ಹೌದೆಂಬ ಉತ್ತರ ದೊರೆತರೆ ಮುನಿಸು ಬಿಡಬಹುದು. ಇಲ್ಲವೆಂದಾದರೆ ಹಳೆಯದು ಇದ್ದೇ ಇದೆ.