ಫರಸಿ ಕಲ್ಲಿನ ಬಾಕಿ

ಕಲಬುರಗಿ ಅಂದರೆ ನಮ್ಮ ಕಡೆಯವರಿಗೆ ಖ್ವಾಜಾ ಬಂದೇ ನವಾಝರ ದರ್ಗಾ. ಉರೂಸಿಗೆ ಬಸ್ಸು ಮಾಡಿಕೊಂಡು ಹೋಗುತ್ತಾರೆ, ಝಿಯಾರತ್ ಮುಗಿಸುತ್ತಾರೆ, 'ಅಬ್ಬಾ, ಏನು ಬಿಸಿಲು!' ಅಂತ ಹೇಳಿಕೊಂಡು ವಾಪಸ್ ಬರುತ್ತಾರೆ. ನಾವೂ ಎರಡು ಸಲ ಹಾಗೇ ಹೋಗಿ ಬಂದವರು. ಅದರಾಚೆಗೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಅಂತ ಊರುಗಳಿವೆ ಎಂದು ಗೊತ್ತಿದ್ದರೂ ಅಲ್ಲಿಗೆ ಹೋಗಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಈ ಸಲ ಈದ್ ರಜೆಯಲ್ಲಿ ನಾಲ್ಕು ದಿನ ಅಲ್ಲೇ ತಿರುಗಿದೆವು. ತಿರುಗಲು ಒಂದು ಕಾರಣ ಇತ್ತು. ಹೇಳಿಕೊಳ್ಳಲು ಅಷ್ಟೇನೂ ಹೆಮ್ಮೆಯ ಕಾರಣ ಅಲ್ಲ.

ನಮ್ಮ ಮದ್ರಸದ ಜಗಲಿಗೆ ಶಹಾಬಾದ್ ಕಲ್ಲು ಹಾಸಿದ್ದು 2020ರ ಮಾರ್ಚ್ ತಿಂಗಳಲ್ಲಿ. ಹಾಸಿದ ಮೇಸ್ತ್ರಿ ಆ ಕಡೆಯವರೇ. ಹತ್ತು ಹನ್ನೆರಡು ವರ್ಷದಿಂದ ನಮ್ಮೂರಲ್ಲಿ ಬಾಡಿಗೆ ಮನೆ ಮಾಡಿಕೊಂಡು ಇದ್ದರು. ಅವರ ಮಗ ನಮ್ಮಲ್ಲಿ ಎರಡು ವರ್ಷ ಓದಿದ. ಜಗಲಿಯ ಕೆಲಸ ಇನ್ನೇನು ಮುಗಿಯಬೇಕು ಅನ್ನುವಾಗ ಲಾಕ್‌ಡೌನ್ ಬಂತು. ಅವರ ಲೆಕ್ಕದಲ್ಲಿ 3,400 ರೂಪಾಯಿ ಬಾಕಿ ಉಳಿಯಿತು. 'ಎಲ್ಲ ಸರಿಯಾದ ಮೇಲೆ ನೋಡೋಣ' ಅಂದೆವು. ಮೇ ತಿಂಗಳಲ್ಲಿ ಕಾರ್ಮಿಕರಿಗೆ ಅಂತ ಬಸ್ಸು ಬಿಟ್ಟಾಗ ಅವರು ಹೆಂಡತಿ ಮಕ್ಕಳ ಜೊತೆ ಊರಿಗೆ ಹೋದರು. ಮತ್ತೆ ಬರಲಿಲ್ಲ. ಅವರ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ.

ಕೂಲಿಯ ವಿಷಯದ ಹದೀಸನ್ನು ವರ್ಷಕ್ಕೊಮ್ಮೆ ಮಕ್ಕಳಿಗೆ ಬಾಯಿಪಾಠ ಮಾಡಿಸುವವರು ನಾವು. ಅದೇ ಕಲ್ಲಿನ ಮೇಲೆ ಚಾಪೆ ಹಾಕಿಸಿ, ಅದೇ ಹದೀಸ್. ಈ ವರ್ಷ ಆ ಪಾಠ ಬಂದಾಗ ಒಬ್ಬ ಹುಡುಗ ಕೇಳಿದ, 'ಉಸ್ತಾದ್, ಕೊಡಬೇಕಾದವರು ಎಲ್ಲಿದ್ದಾರೆ ಅಂತ ಗೊತ್ತಿಲ್ಲದಿದ್ದರೆ?' 'ಹುಡುಕಬೇಕು' ಅಂತ ಹೇಳಿಬಿಟ್ಟೆವು. ಹೇಳಿದ ಮೇಲೆ ಹೋಗದೆ ಇರಲು ಆಗಲಿಲ್ಲ. ಕಮಿಟಿಯವರ ಹತ್ತಿರ ವಿಷಯ ತೆಗೆದಾಗ ಅವರೂ ಒಪ್ಪಿದರು. ಬಾಕಿಗೆ ಇನ್ನಷ್ಟು ಸೇರಿಸಿ 10,000 ರೂಪಾಯಿ ಕವರಿನಲ್ಲಿ ಹಾಕಿ ಕೊಟ್ಟರು. ಸದರ್ ಉಸ್ತಾದರೂ ಜೊತೆಗೆ ಬರುತ್ತೇನೆ ಅಂದರು. ನಮಗಿದ್ದ ವಿಳಾಸ ಇಷ್ಟೇ: 'ಚಿತ್ತಾಪುರ ತಾಲೂಕು, ವಾಡಿ ಹತ್ತಿರ.'

ಬೆಂಗಳೂರಿಗೆ ಬಸ್ಸು, ಅಲ್ಲಿಂದ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್. ಕಿಟಕಿಯಲ್ಲಿ ಬೆಳಗಾದಾಗ ನಮಗೆ ಗೊತ್ತಿರುವ ಹಸಿರು ಒಂದೂ ಇಲ್ಲ. ಕಪ್ಪು ಹೊಲ, ಬೋಳು ಮರ, ಮತ್ತೆ ಕಪ್ಪು ಹೊಲ. ವಾಡಿ ದೊಡ್ಡ ಜಂಕ್ಷನ್. ಮುಂಬೈ–ಚೆನ್ನೈ ಹಾದಿಯಿಂದ ಸಿಕಂದರಾಬಾದಿನ ಹಾದಿ ಇಲ್ಲಿ ಒಡೆಯುತ್ತದೆ. ನಿಝಾಮರ ಕಾಲದಲ್ಲಿ, 1874ರಲ್ಲಿ ಆ ಲೈನು ಶುರುವಾದದ್ದು. ಊರಿಗಿಂತ ಸ್ಟೇಷನ್ ದೊಡ್ಡದು ಅಂತ ನಮಗನ್ನಿಸಿತು. ಒಂದು ಗಾಡಿ ಹೋಗಿ ಇನ್ನೊಂದು ಬರುವ ನಡುವೆ ಪ್ಲಾಟ್‌ಫಾರಂನಲ್ಲಿ ಒಂದು ರೀತಿಯ ಮೌನ ಇರುತ್ತದೆ. ದೂರದಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆಯ ಚಿಮಣಿ, ಬೆಂಚಿನ ಮೇಲೆ ಚೀಲ ತಲೆಗಿಟ್ಟು ಮಲಗಿದ ಜನ. ಸುಬಹಿಯ ನಮಾಝನ್ನು ಅಲ್ಲೇ ಒಂದು ಮೂಲೆಯಲ್ಲಿ ಮುಗಿಸಿ ಅರ್ಧ ಗಂಟೆ ಸುಮ್ಮನೆ ಕೂತೆವು. ಅಷ್ಟು ಹೊತ್ತು ಸುಮ್ಮನೆ ಕೂರದೆ ಎಷ್ಟೋ ದಿನ ಆಗಿತ್ತು.

ಹೊರಗೆ ಬಂದರೆ ನಾಷ್ಟಾಕ್ಕೆ ಸುಸಲಾ, ಮಿರ್ಚಿ ಭಜಿ. ಸುಸಲಾ ಅಂದರೆ ನೆನೆಸಿ ಹಿಂಡಿದ ಚುರುಮುರಿಯ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು. ನಮ್ಮಲ್ಲಿ ಅವಲಕ್ಕಿಯನ್ನು ಹೀಗೆ ಮಾಡುತ್ತಾರೆ, ಚುರುಮುರಿಯನ್ನು ಯಾರೂ ನೆನೆಸುವುದಿಲ್ಲ. ಮಿರ್ಚಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸದರ್ ಉಸ್ತಾದರು ಒಂದನ್ನು ಪೂರ್ತಿ ತಿಂದು ಎರಡು ಗ್ಲಾಸ್ ಚಹಾ, ಮೂರು ಗ್ಲಾಸ್ ನೀರು ಕುಡಿದರು.

ವಾಡಿಯಲ್ಲಿ ಮೇಸ್ತ್ರಿಯ ಸುದ್ದಿ ಸಿಗಲಿಲ್ಲ. 'ಕಲ್ಲಿನವರಾ? ಶಹಾಬಾದಿನ್ಯಾಗ ಕೇಳ್ರಿ' ಅಂದರು. ಈಚೆಗೆ ತಾಲೂಕಾದ ಊರು ಶಹಾಬಾದ್. ನಮ್ಮ ಜಿಲ್ಲೆಯ ಎಷ್ಟು ಮನೆ, ಎಷ್ಟು ಅಂಗಡಿ, ಎಷ್ಟು ಪಳ್ಳಿಯ ವರಾಂಡದಲ್ಲಿ ಈ ಊರಿನ ಹೆಸರು ಕಾಲಡಿಗೆ ಇದೆ! ಅಲ್ಲಿಯವರು ಅದಕ್ಕೆ ಫರಸಿ ಅನ್ನುತ್ತಾರೆ. ಸುಣ್ಣದ ಕಲ್ಲೇ, ಆದರೆ ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ ಮಲಗಿದೆ. ಸುತ್ತಿಗೆಯಿಂದ ಉಳಿ ಹೊಡೆದರೆ ಹಾಳೆ ಬಿಡಿಸಿದಂತೆ ಏಳುತ್ತದೆ. ಅದಕ್ಕೇ ಬೇರೆ ಕಲ್ಲಿನಷ್ಟು ಕೊಯ್ಯುವ ಖರ್ಚಿಲ್ಲ. ಇದೇ ಸುಣ್ಣದ ಕಲ್ಲಿನ ಮೇಲೆಯೇ ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ನಮ್ಮ ಮನೆಗಳ ನೆಲವೂ ಗೋಡೆಯೂ ಎರಡೂ ಇಲ್ಲಿಂದಲೇ ಬರುವುದು ಅಂದರೆ ತಪ್ಪಾಗಲಿಕ್ಕಿಲ್ಲ.

ಕ್ವಾರಿಯಲ್ಲಿ ನಿಂತು ನೋಡಿದೆವು. ಹತ್ತು ಗಂಟೆಗೇ ಕಲ್ಲು ಕಾದಿತ್ತು. ತಲೆಗೆ ಟವೆಲ್ ಸುತ್ತಿದ ಜನ, ಜೊತೆಗೆ ಹೆಂಗಸರು, ಕಲ್ಲು ಎತ್ತಿ ಟ್ರಾಕ್ಟರಿಗೆ ಹಾಕುತ್ತಿದ್ದರು. ಪಾಲಿಶ್ ಮಾಡುವ ಕಡೆ ಬಿಳೀ ನೀರು ಹರಿದು ಮಣ್ಣೆಲ್ಲ ಸುಣ್ಣ ಬಳಿದಂತಿತ್ತು. ಊರಲ್ಲಿ ಅಂಗಡಿಯವನ ಹತ್ತಿರ 'ಕಲ್ಲಿಗೆ ಇಷ್ಟು ರೇಟಾ?' ಅಂತ ಚೌಕಾಸಿ ಮಾಡಿದ್ದು ನೆನಪಾಯಿತು. ಪಕ್ಕದಲ್ಲೇ ಕಲ್ಲು ತೆಗೆದು ಬಿಟ್ಟ ಹಳೇ ಗುಂಡಿ, ತುಂಬ ನೀರು, ಆಳ ಎಷ್ಟೋ. ದಡದಲ್ಲಿ ಒಂದು ಬೆಳ್ಳಕ್ಕಿ. ಆ ಸದ್ದಿನ ನಡುವೆ ಅದೊಂದೇ ಸದ್ದಿಲ್ಲದ ಜಾಗ. ಆದರೆ ಅಲ್ಲಿ ಮನಸ್ಸಿಗೆ ಹಿತ ಅನ್ನಿಸಲಿಲ್ಲ.

ಒಂದು ಕಲ್ಲಿನ ಅಡ್ಡೆಯಲ್ಲಿ ವಯಸ್ಸಾದವರೊಬ್ಬರು ಗುರುತು ಹಿಡಿದರು. 'ಮಂಗಳೂರಿಗೆ ಹೋಗಿದ್ದ ಮೇಸ್ತ್ರಿ ಏನ್ರಿ? ಅವನ ಅಣ್ಣ ಚಿತ್ತಾಪುರದಾಗ ಅದಾನ' ಅಂದರು.

ಚಿತ್ತಾಪುರದಲ್ಲಿ ಝುಹರಿನ ನಮಾಝ್ ಆದ ಮೇಲೆ ಮಸೀದಿಯವರೇ ಆ ಅಣ್ಣನ ಮನೆಗೆ ಕರಕೊಂಡು ಹೋದರು. ಇಲ್ಲಿ ಒಂದು ಮಾತು. ಅವರ ಮನೆಮಾತು ದಖನಿ ಉರ್ದು. ನಮ್ಮದು ಬ್ಯಾರಿ. ನಮ್ಮ ಉರ್ದು ಅರ್ಧಂಬರ್ಧ, ಬ್ಯಾರಿ ಅಂದರೇನು ಅಂತ ಅವರಿಗೆ ಗೊತ್ತೇ ಇಲ್ಲ. ಸಲಾಂ ಆದ ಮೇಲೆ ಎರಡು ಕಡೆಯ ಮುಸಲ್ಮಾನರು ಮಾತಾಡಿದ್ದು ಕನ್ನಡದಲ್ಲೇ. ಅವರ ಕನ್ನಡಕ್ಕೆ ನಾವು, ನಮ್ಮ ಕನ್ನಡಕ್ಕೆ ಅವರು ನಗುತ್ತಾ.

'ಊಟ ಮಾಡ್ದ ಹೋಗೂದಿಲ್ಲ ಹಜ್ರತ್' ಅಂದರು. ನಮ್ಮಲ್ಲಿ ಉಸ್ತಾದ್, ಅಲ್ಲಿ ಹಜ್ರತ್. 'ಏನೂ ಮಾಡಿಲ್ರಿ, ಪುಂಡಿ ಅದ, ರೊಟ್ಟಿ ಅದ.' ಪುಂಡಿ ಅಂದ ಕೂಡಲೇ ನಮಗೆ ಖುಷಿ. ಮಂಗಳೂರಿನಲ್ಲಿ ಪುಂಡಿ, ನಮ್ಮ ಬ್ಯಾರಿಯಲ್ಲಿ ಪಿಂಡಿ: ಅಕ್ಕಿಯ ಉಂಡೆ, ಮಾಂಸದ ಗಸಿ. ಕಲಬುರಗಿಯಲ್ಲೂ ಇದು ಇದೆಯಲ್ಲ ಅಂತ ಸದರ್ ಉಸ್ತಾದರ ಮುಖ ನೋಡಿದೆವು. ತಟ್ಟೆಗೆ ಬಂದದ್ದು ಹುಳಿ ಸೊಪ್ಪಿನ ಪಲ್ಯ! ಮನೆಯೊಳಗೆ ಅದನ್ನು ಅಂಬಾಡಾ ಅನ್ನುತ್ತಾರೆ, ನಮಗೆ ತಿಳಿಯಲಿ ಅಂತ ಕನ್ನಡದಲ್ಲಿ ಪುಂಡಿ ಅಂದಿದ್ದರು. ಜೋಳದ ಬಿಸಿ ರೊಟ್ಟಿ, ಅದರ ಮೇಲೆ ಪುಂಡಿ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಮೊದಲ ತುತ್ತಿಗೆ ರೊಟ್ಟಿ ಗಂಟಲಲ್ಲಿ ನಿಂತಿತು, ಮೂರನೇ ರೊಟ್ಟಿಯನ್ನು ನಾವೇ ಕೇಳಿ ಹಾಕಿಸಿಕೊಂಡೆವು. ಆ ಬಿಸಿಲಿಗೆ ಆ ಹುಳಿ ಎಷ್ಟು ಬೇಕು ಅನ್ನುವುದು ಅಲ್ಲಿ ಕೂತು ತಿಂದರೆ ಮಾತ್ರ ಗೊತ್ತಾಗುತ್ತದೆ. ಬೇಳೆಯೂ ಇತ್ತು. ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ ಅಂತ ಪೇಪರಲ್ಲಿ ಓದಿದ್ದೆವು. ನಾವು ಮನೆಯಲ್ಲಿ ತಿನ್ನುತ್ತಿರುವ ಬೇಳೆ ಮತ್ತು ಇದು ಒಂದೇ ಅಂದರೆ ನಂಬುವುದು ಕಷ್ಟ.

ತಮ್ಮ ಈಗ ಚಿಂಚೋಳಿ ಕಡೆ, ಹೆಂಡತಿಯ ಊರಲ್ಲಿ ಇದ್ದಾನೆ ಅಂದರು. 'ದಮ್ಮು ಹತ್ಯಾದರಿ. ಕಲ್ಲಿನ ಕೆಲಸ ಬಿಟ್ಟಾನ.' ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮಾರನೇ ದಿನ ಸೇಡಂ ಹಾದಿಯಲ್ಲಿ ಮಳಖೇಡದಲ್ಲಿ ಇಳಿದೆವು. ನಮ್ಮ ಹಠ, ಸದರ್ ಉಸ್ತಾದರಿಗೆ ಇಷ್ಟ ಇರಲಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ ನೃಪತುಂಗ, ಕವಿರಾಜಮಾರ್ಗ ಅಂತ ಪಿಯುಸಿಯಲ್ಲಿ ಓದಿದ್ದು ಎಲ್ಲರಿಗೂ ನೆನಪಿರಬಹುದು. ನಮಗೆ ಅದಕ್ಕಿಂತ ಹೆಚ್ಚು ಆಸೆ ಇನ್ನೊಂದು ಕಾರಣಕ್ಕೆ. ಕ್ರಿ.ಶ. 851ರ ಸುಮಾರಿಗೆ ಸುಲೈಮಾನ್ ಎಂಬ ಅರಬ್ ವರ್ತಕನ ಹೆಸರಿನ ವೃತ್ತಾಂತದಲ್ಲಿ ಲೋಕದ ನಾಲ್ಕು ದೊಡ್ಡ ದೊರೆಗಳ ಲೆಕ್ಕ ಬರುತ್ತದೆ: ಬಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ಬಲ್ಹರಾ ಅಂದರೆ ವಲ್ಲಭರಾಜ, ರಾಷ್ಟ್ರಕೂಟರ ಬಿರುದು. ಹತ್ತನೇ ಶತಮಾನದ ಅಲ್ ಮಸ್‌ಊದಿ ಅವನ ರಾಜಧಾನಿಯನ್ನು ಮಾನ್‌ಕೀರ್ ಅಂತ ಬರೆದಿದ್ದಾನೆ. ಈ ದೊರೆಗಳ ರಾಜ್ಯದಲ್ಲಿ ಅರಬರಿಗೆ ಗೌರವ ಇತ್ತು, ಮಸೀದಿಗಳಿದ್ದವು ಅಂತಲೂ ಬರೆದಿದ್ದಾನೆ. ನಮ್ಮ ಕರಾವಳಿಗೆ ಅರಬರ ಹಡಗು ಬರುತ್ತಿದ್ದ ಕಾಲವೇ ಅದು. 'ಘಟ್ಟದ ಮೇಲಿನ ಊರು' ಅಂತ ನಾವು ಹಗುರಕ್ಕೆ ಹೇಳುವ ಜಾಗದ ಹೆಸರು ಬಗ್ದಾದಿನ ಕಿತಾಬುಗಳಲ್ಲಿತ್ತು.

ಈಗ ಅಲ್ಲಿ ಕೋಟೆಯ ಮುರಿದ ಗೋಡೆ, ಒಳಗೇ ಮನೆಗಳು, ಆಡು, ಕಾಗಿಣಾ ನದಿ. ಊರಲ್ಲಿ ಹಳೆಯ ಜೈನ ಬಸದಿ, ಜಯತೀರ್ಥರ ಮಠ ಇವೆ. ಎಪ್ರಿಲ್ ಆದ್ದರಿಂದ ನದಿಯಲ್ಲಿ ಅಲ್ಲಲ್ಲಿ ಮಾತ್ರ ನೀರು. ಕೋಟೆಗೋಡೆಯ ನೆರಳಲ್ಲಿ ಕೂತಾಗ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕು ದಿನದಲ್ಲಿ ನಮಗೆ ಅತ್ಯಂತ ಇಷ್ಟವಾದ ಜಾಗ ಅದೇ. 'ಇಲ್ಲಿ ಏನಿದೆ ಅಂತ ಬಂದದ್ದು?' ಅಂತ ಕೇಳಿದ ಸದರ್ ಉಸ್ತಾದರೇ ಹೊರಡುವಾಗ ಇನ್ನೂ ಹತ್ತು ನಿಮಿಷ ಕೂರುವಾ ಅಂದರು.

ಸೇಡಂನಲ್ಲಿ ರಾತ್ರಿ ಉಳಿದೆವು. ಸಿಮೆಂಟ್ ಲಾರಿ, ಧೂಳು. ಅಲ್ಲಿ ತಿಂದ ತಹರಿ ಮಾತ್ರ ಮರೆಯುವುದಿಲ್ಲ: ಮಾಂಸ ಅಕ್ಕಿ ಒಟ್ಟಿಗೇ ಬೇಯಿಸಿದ ಖಾರದ ಅನ್ನ. ನಮ್ಮ ಬಿರಿಯಾನಿಯಷ್ಟು ಆಡಂಬರ ಇಲ್ಲ, ರುಚಿಯಲ್ಲಿ ಸೋಲುವುದೂ ಇಲ್ಲ. ಓದುವವರು ಬೈಯಬಾರದು.

ಚಿಂಚೋಳಿಗೆ ಬಸ್ಸು. ಅಲ್ಲಿಗೆ ಹೋಗುತ್ತಾ ನೆಲದ ಬಣ್ಣ ಬದಲಾಗುತ್ತದೆ, ಕಪ್ಪು ಹೋಗಿ ಕೆಂಪು, ಗುಡ್ಡ, ಕಾಡು. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿ ಧಾಮ ಅಂತ ಘೋಷಿಸಿದ್ದಾರೆ. ಬಯಲುಸೀಮೆಯ ಒಣ ಕಾಡಿಗೆ ಅಂಥ ಮಾನ್ಯತೆ ದಕ್ಷಿಣ ಭಾರತದಲ್ಲಿ ಅದೇ ಮೊದಲು ಅನ್ನುತ್ತಾರೆ. ಅಂಚಿನಲ್ಲಿ ಲಂಬಾಣಿ ತಾಂಡಾಗಳು. ಎತ್ತಿಪೋತ ಜಲಪಾತ ನೋಡಬೇಕು ಅಂತಿದ್ದೆವು. 'ಈಗ ಬರೇ ಬಂಡಿ ಅದಾವ್ರಿ, ಮಳಿಗಾಲದಾಗ ಬರ್ರಿ' ಅಂತ ಬಸ್ಸಲ್ಲಿ ನಕ್ಕರು.

ಮೇಸ್ತ್ರಿಯ ಮನೆ ಸಿಕ್ಕಿತು. ತಗಡಿನ ಮನೆ, ಮುಂದೆ ಚಿಕ್ಕ ಚಹಾದಂಗಡಿ. ನಮ್ಮನ್ನು ನೋಡಿ ಅವರು ಒಲೆಯ ಮುಂದಿನಿಂದ ಎದ್ದು ನಿಂತರು. ತುಂಬ ಬಡಕಲಾಗಿದ್ದಾರೆ. 'ಹಜ್ರತ್, ಇಷ್ಟು ದೂರ ಹ್ಯಾಂಗ ಬಂದ್ರಿ? ಎಲ್ಲ ಖೈರ್ ಅದನಾ?' ಅಂದರು. ಬಾಕಿಯ ಮಾತು ತೆಗೆದದ್ದು ನಾವೇ. ಕವರು ಕೊಟ್ಟೆವು. ಅವರು ಎಣಿಸಿದರು. ನೋಟುಗಳನ್ನು ಎರಡು ಭಾಗ ಮಾಡಿದರು.

'ನನ್ನ ಲೆಕ್ಕ ಮೂರು ಸಾವಿರದ ನಾನೂರು ಅದ. ಇದು ನಂದಲ್ರಿ.'

'ತಡ ಮಾಡಿದ್ದಕ್ಕೆ ಇರಲಿ, ಮಗನ ಓದಿಗಾಗುತ್ತದೆ' ಅಂದೆವು.

'ಮಗ ಓದೂದು ಬಿಟ್ಟು ಎರಡು ವರ್ಷ ಆಯ್ತ್ರಿ. ಸೇಡಂನ್ಯಾಗ ಪಾಲಿಶ್ ಮಷಿನ್‌ಗೆ ಹೊಂಟಾನ.'

ಹಿಂದಿನ ರಾತ್ರಿ ನಾವು ಅದೇ ಸೇಡಂನಲ್ಲಿ ತಹರಿ ತಿಂದಿದ್ದೆವು. ಆ ಹುಡುಗನಿಗೆ ಆಗ ಒಂಬತ್ತು ವರ್ಷ. 'ಇಲ್ಲ' ಅನ್ನುವಲ್ಲಿ 'ಇಲ್ರಿ' ಅನ್ನುತ್ತಿದ್ದ. ಕ್ಲಾಸಿನ ಮಕ್ಕಳು 'ಇಲ್ರಿ' ಅಂತಲೇ ಅವನನ್ನು ಕರೆಯುತ್ತಿದ್ದರು. ನಾವು ಅವರನ್ನು ಗದರಿಸಲಿಲ್ಲ, ಒಂದೆರಡು ಸಲ ಜೊತೆಗೆ ನಕ್ಕೆವು ಕೂಡ. ಅದನ್ನು ಮೇಸ್ತ್ರಿಗೆ ಹೇಳಬೇಕು ಅಂತಲೇ ಹೋದದ್ದು. ಹೇಳಿದೆವು. ಅವರು ಒಲೆಗೆ ಕಟ್ಟಿಗೆ ತಳ್ಳುತ್ತಾ 'ಅಂವ ಮನ್ಯಾಗ ಹೇಳ್ತಿದ್ದ' ಅಂದರು. ಅಷ್ಟೇ.

ಸಂಜೆ ಅವರೇ ನಮ್ಮನ್ನು ಚಂದ್ರಂಪಳ್ಳಿ ಜಲಾಶಯದ ಕಡೆ ಕರಕೊಂಡು ಹೋದರು. ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಗುಡ್ಡಗಳ ಮಧ್ಯೆ ನೀರು, ಬೇಸಿಗೆಯಾದ್ದರಿಂದ ಇಳಿದಿತ್ತು. ಸುತ್ತ ಎಲೆ ಉದುರಿದ ಮರ, ಕಾಲಿಟ್ಟರೆ ಚರಚರ. ಅಸರ್ ಅಲ್ಲೇ ಜಮಾಅತ್ ಮಾಡಿದೆವು. ಅವರನ್ನೇ ಇಮಾಮ್ ನಿಲ್ಲಿ ಅಂದರೆ ಒಪ್ಪಲಿಲ್ಲ.

ಕೂತಾಗ ಅವರು ಕೇಳಿದ್ದು ಕಲ್ಲಿನ ಬಗ್ಗೆ. 'ವುಝೂ ಮಾಡೋ ಕಡೆ ಎರಡು ಕಲ್ಲು ಬರೇ ಇಟ್ಟು ಬಂದೀನ್ರಿ, ಕೆಳಗ ಮಾಲು ಹಾಕಿಲ್ಲ. ಅಲುಗಾಡ್ತಾವೇನು?'

ಅಲುಗಾಡುತ್ತವೆ. ಮಕ್ಕಳು ಅದರ ಮೇಲೆ ಕುಣಿದು ಟಕ್ ಟಕ್ ಸದ್ದು ಮಾಡುತ್ತಾರೆ. ಯಾರ ಕೆಲಸ ಸರಿ ಇಲ್ಲ ಅಂತ ಐದು ವರ್ಷ ನಾವು ಬೈದದ್ದೂ ಇದೆ. 'ಕಲ್ಲು ಎತ್ತಿ ಕೆಳಗ ಉಸುಕು ಸಿಮೆಂಟ್ ಹಾಕಿ, ಒಂದು ದಿನ ಯಾರೂ ತುಳೀಬ್ಯಾಡ್ರಿ. ನೀರು ಹೋಗೋ ಕಡೆ ಒಂದು ಬಟ್ಟು ಇಳಿಜಾರು ಇರಲಿ' ಅಂತ ಕೈಯಲ್ಲೇ ಇಳಿಜಾರು ಮಾಡಿ ತೋರಿಸಿದರು.

ವಾಪಸ್ ಬರುವಾಗ ಸೇಡಂನಲ್ಲಿ ಹುಡುಗನನ್ನು ನೋಡಿದೆವು. ನಮಗಿಂತ ಎತ್ತರ ಬೆಳೆದಿದ್ದಾನೆ, ಹುಬ್ಬಿನ ಮೇಲೆ ಬಿಳೀ ಪುಡಿ. ಮೂಗಿಗೆ ಬಟ್ಟೆ ಕಟ್ಟಿರಲಿಲ್ಲ, ಕಟ್ಟು ಅಂದೆವು. ಹತ್ತನೇ ಕ್ಲಾಸಿನ ಪರೀಕ್ಷೆ ಖಾಸಗಿಯಾಗಿ ಕಟ್ಟುವ ವಿಷಯ ಮಾತಾಡಿ ಅವನ ನಂಬರ್ ತೆಗೆದುಕೊಂಡು ಬಂದಿದ್ದೇವೆ. ಉಳಿದ 6,600 ರೂಪಾಯಿ ಕಮಿಟಿಯವರ ಹತ್ತಿರ ಅವನ ಹೆಸರಲ್ಲಿ ಇದೆ. ಅಪ್ಪ ಒಪ್ಪಿದರೆ ಫೀಸಿಗೆ ಆಗುತ್ತದೆ, ಅವರು ಇನ್ನೂ ಹೌದು ಅಂದಿಲ್ಲ.

ಕಳೆದ ಶುಕ್ರವಾರ ಆ ಎರಡು ಕಲ್ಲು ಎತ್ತಿಸಿ, ಮಾಲು ಹಾಕಿ ಕೂರಿಸಿದೆವು. ಒಂದು ದಿನ ಹಗ್ಗ ಕಟ್ಟಿದ್ದೆವು. ಫೋಟೋ ತೆಗೆದು ಹುಡುಗನಿಗೆ ಕಳಿಸಿದ್ದಕ್ಕೆ ರಾತ್ರಿ ಉತ್ತರ ಬಂತು: ಇಳಿಜಾರು ಸಾಕಾಗಿಲ್ಲ ಅಂತ ಅಪ್ಪ ಹೇಳುತ್ತಿದ್ದಾರೆ.